ಆಯಿಯ ಡಿಕ್ರಿಯ ನಕಲು

ಭಟ್ಕಳದ ಉಪನೋಂದಣಾಧಿಕಾರಿ ಕಚೇರಿಯ ಗುಮಾಸ್ತರು ವಧು ನಾನೇ ಎಂದು ತಿಳಿದುಕೊಂಡರು. ಆಯಿ ನನ್ನ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಯಿ ಎಂದರೆ ನನ್ನ ತಾಯಿ. ನಮ್ಮ ಕಡೆ ಹಾಗೆ ಕರೆಯುತ್ತೇವೆ.

"ಹುಡುಗನ ಆಧಾರ್ ತಂದಿದ್ದೀಯಾ ತಂಗಿ?" ಎಂದು ಅವರು ನನ್ನನ್ನು ಕೇಳಿದರು.

"ಮದುವೆ ಅವಳದ್ದಲ್ಲ, ನಂದು," ಎಂದಳು ಆಯಿ. "ಹುಡುಗ ಹೊರಗೆ ನಿಂತಿದ್ದಾನೆ. ಕರೀಬೇಕಾ?"

ಹುಡುಗನಿಗೆ ಐವತ್ತು ದಾಟಿತ್ತು. ಬೈಕಿಗೆ ಒರಗಿಕೊಂಡು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದವರನ್ನು ಗುಮಾಸ್ತರು ಕಿಟಕಿಯಿಂದ ಒಮ್ಮೆ ನೋಡಿದರು. ನಗಲಿಲ್ಲ. ಅರ್ಜಿಯ ಹಾಳೆಯನ್ನು ನನ್ನ ಮುಂದಿನಿಂದ ಆಯಿಯ ಮುಂದಕ್ಕೆ ಸರಿಸಿದರು.

"ಮೊದ್ಲಿನ ಗಂಡ ತೀರಿಹೋದ್ದಾ, ಬಿಟ್ಟದ್ದಾ?"

"ಬಿಟ್ಟದ್ದು. ಕೋರ್ಟಲ್ಲೇ ಆಗಿದೆ. ಇವಳು ಸಣ್ಣವಳಿದ್ದಾಗ."

"ಹಾಗಾರೆ ಡಿಕ್ರಿಯ ನಕಲು ಬೇಕು. ಕೋರ್ಟಿನ ಸೀಲು ಇದ್ದದ್ದು."

"ನಾನು ಬಾಯಲ್ಲಿ ಹೇಳಿದ್ರೆ ಸಾಕಾಗುದಿಲ್ವಾ?"

"ಅಕ್ಕಾ, ಬಾಯಲ್ಲಿ ಹೇಳಿದ್ರೆ ಸಾಕಾಗುದಾಗಿದ್ರೆ ಈ ಆಫೀಸೇ ಬೇಡ ಆಗಿತ್ತು."

ಡಿಕ್ರಿಯ ಪ್ರತಿ ಒಂದು ಕಾಲಕ್ಕೆ ನಮ್ಮ ಬಳಿ ಇತ್ತು. ಬಾಡಿಗೆ ಮನೆಗಳನ್ನು ಬದಲಾಯಿಸುವಾಗ ಎಲ್ಲೋ ಹೋಗಿದೆ. ಆಯಿ ಅದನ್ನು ಹುಡುಕಿರಲೂ ಇಲ್ಲ, ಬೇಕಾಗಬಹುದೆಂದು ಎಣಿಸಿರಲೂ ಇಲ್ಲ.

ಆಯಿ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಕೆಲಸ ಮಾಡುತ್ತಾಳೆ. ಅವಳು ಮದುವೆಯಾಗಲಿರುವವರು ಬೆಳಕೆ ಎಂಬ ಊರಿನವರು, ರೈಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದಾರೆ, ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಪಾಳಿ ಮುಗಿಸಿ ಆ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದರು. ಇಷ್ಟು ನನಗೆ ಗೊತ್ತು. ಉಳಿದದ್ದನ್ನು ಆಯಿ ಹೇಳಿಲ್ಲ, ನಾನು ಕೇಳಿಲ್ಲ. ಅವರಿಗೆ ರತ್ನಾಗಿರಿಯ ಆಚೆ ವರ್ಗವಾಗಿತ್ತು. ಮಳೆಗಾಲ ಶುರುವಾಗುವ ಮುಂಚೆ ಅಲ್ಲಿ ಸೇರಿಕೊಳ್ಳಬೇಕು. ಮದುವೆಯ ಪ್ರಮಾಣಪತ್ರ ಕೊಟ್ಟರೆ ಕುಟುಂಬದ ಕ್ವಾರ್ಟರ್ಸ್, ಇಲ್ಲದಿದ್ದರೆ ಒಂಟಿ ಗಂಡಸರ ಕೋಣೆಯಲ್ಲಿ ಒಂದು ಮಂಚ. ಅವರ ಅಣ್ಣ, "ಅಷ್ಟು ಅವಸರ ಎಂತಕೆ, ಮುಂದಿನ ವರ್ಷ ನೋಡುವಾ" ಎಂದಿದ್ದರು.

"ನನ್ನ ವಯಸ್ಸಿಗೆ ಮುಂದಿನ ವರ್ಷ ಅಂದ್ರೆ ಬೇಡ ಅಂತಲೇ," ಎಂದಳು ಆಯಿ, ಶಿರಾಲಿಗೆ ವಾಪಸು ಬರುವ ಬಸ್ಸಿನಲ್ಲಿ. "ಒಂದ್ಸಲ ತಡೀತು ಅಂದ್ರೆ ಊರವ್ರೆಲ್ಲ ಸೇರಿ ತಡೀತಾರೆ."

ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಇಲ್ಲಿ ಆಯಿಯ ಮಾತನ್ನು ಅವಳು ಬಸ್ಸಿನಲ್ಲಿ, ಅಂಗಡಿಯಲ್ಲಿ ಆಡುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಕಲು ತರುವ ಕೆಲಸವನ್ನು ನಾನು ವಹಿಸಿಕೊಂಡೆ. ನಾನು ಓದಿದ್ದು ಗ್ರಂಥಾಲಯ ವಿಜ್ಞಾನ. ಹೊನ್ನಾವರದ ಕಡೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ದಾಖಲೆ ಎಂದ ಮೇಲೆ ಅದಕ್ಕೊಂದು ಸ್ಥಳ ಇರುತ್ತದೆ, ಸ್ಥಳ ಗೊತ್ತಾಗದಿದ್ದರೆ ಹುಡುಕುವ ಶೀರ್ಷಿಕೆ ತಪ್ಪಿದೆ ಎಂದರ್ಥ ಎಂದು ನಮಗೆ ಕಲಿಸಿದ್ದರು. ನ್ಯಾಯಾಲಯದ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಕೊಟ್ಟು ಹುಡುಕಿದೆ. ಏನೂ ಬರಲಿಲ್ಲ. ಹಳೆಯ, ಮುಗಿದ ಕೇಸುಗಳೆಲ್ಲ ಅದರಲ್ಲಿ ಸೇರಿಲ್ಲ ಎಂದು ಆಮೇಲೆ ತಿಳಿಯಿತು. ಆಯಿಗೆ ಕೇಸಿನ ನಂಬರಾಗಲಿ ಇಸವಿಯಾಗಲಿ ನೆನಪಿರಲಿಲ್ಲ. "ನೀನು ಒಂದನೇ ಕ್ಲಾಸಿಗೆ ಹೋಗುಕೆ ಶುರು ಮಾಡಿದ್ದೆ, ಇಲ್ದಿದ್ರೆ ಶುರು ಮಾಡುದ್ರಲ್ಲಿ ಇದ್ದೆ," ಎಂದಳು. ಕೋರ್ಟು ಯಾವುದು ಎಂದಾಗ ಕುಮಟಾ ಎಂದಳು. ಅಪ್ಪನ ಮನೆ ಇದ್ದದ್ದು ಕುಮಟಾದಲ್ಲಿ, ವಕೀಲರ ಮನೆಯ ಜಗಲಿಯಲ್ಲಿ ಕೂತು ಸಹಿ ಹಾಕಿದ್ದೂ ಕುಮಟಾದಲ್ಲೇ.

ಕುಮಟಾ ಕೋರ್ಟಿನಲ್ಲಿ ಮೊದಲು ಕೇಳಿದ್ದು ನಂಬರು, ಆಮೇಲೆ ಇಸವಿ. ಎರಡೂ ಇಲ್ಲ ಎಂದಾಗ ಅಲ್ಲಿಯ ನೌಕರರು, "ಗಂಡ ಹೆಂಡ್ತಿ ಕಡೆಗೆ ಒಟ್ಟಿಗೆ ಇದ್ದ ಊರು ಯಾವ್ದು?" ಎಂದರು. ಹೊನ್ನಾವರ ಎಂದೆ. ಅಪ್ಪ ಅಲ್ಲಿಯ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದ, ನಾನು ಹುಟ್ಟಿದ್ದು ಅಲ್ಲಿಯ ಬಾಡಿಗೆ ಕೋಣೆಯಲ್ಲಿದ್ದಾಗ.

"ಹಾಗಾರೆ ಹೊನ್ನಾವರದಲ್ಲೇ ಹಾಕಿರ್ತಾರೆ. ವಕೀಲರು ಕುಮಟಾದವ್ರು ಅಂತ ಕೇಸೂ ಕುಮಟಾದ್ದು ಆಗುದಿಲ್ಲ."

ನಮ್ಮ ಊರುಗಳಲ್ಲಿ ಆಗ ಕುಟುಂಬ ನ್ಯಾಯಾಲಯ ಎಂದು ಬೇರೆ ಇರಲಿಲ್ಲ. ಗಂಡ ಹೆಂಡಿರ ಕೇಸುಗಳೂ ಹಿರಿಯ ಸಿವಿಲ್ ನ್ಯಾಯಾಲಯಕ್ಕೇ ಹೋಗುತ್ತಿದ್ದವು. ಹೊನ್ನಾವರದ ಕೋರ್ಟಿನ ನಕಲು ವಿಭಾಗದಲ್ಲಿ ನಡುವಯಸ್ಸಿನ ಒಬ್ಬ ಮಹಿಳೆ ಇದ್ದರು. ನಂಬರಿಲ್ಲದವರು ಹುಡುಕಾಟಕ್ಕೆ ಅರ್ಜಿ ಕೊಡಬೇಕು. ಇಬ್ಬರ ಹೆಸರು, ತಂದೆಯ ಹೆಸರು, ವಿಳಾಸ, ಅಂದಾಜು ಇಸವಿ. ನಾನು ಸ್ವಚ್ಛವಾಗಿ ಬರೆದು, ಸ್ಟಾಂಪು ಅಂಟಿಸಿ, ಆಯಿಯ ಸಹಿ ಇದ್ದ ಅರ್ಜಿಯನ್ನು ಕೊಟ್ಟು ಬಂದೆ. ಮುಂದಿನ ವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆ.

"ನಿಮ್ಮ ತಾಯಿ ಹೆಸರಿಂದು ಇಲ್ಲ," ಎಂದರು ಆಕೆ.

"ತಂದೆಯ ಹೆಸರಿನದ್ದು?"

ಆಕೆ ನನ್ನ ಅರ್ಜಿಯನ್ನು ನನ್ನ ಕಡೆಗೆ ತಿರುಗಿಸಿದರು. "ಅದಿದೆ. ಅವ್ರ ತಂದೆ ಹೆಸರೂ ಇದೇ, ಕುಮಟಾದ ಮನೆಯೂ ಇದೇ. ಆದ್ರೆ ಹೆಂಡ್ತಿ ಬೇರೆ. ನಿಮ್ಮ ತಂದೆಗೆ ಮೊದ್ಲೊಂದು ಮದುವೆ ಆಗಿತ್ತಾ?"

"ನನಗೆ ಗೊತ್ತಿಲ್ಲ."

"ಮನೇಲಿ ಕೇಳಿ ಬನ್ನಿ."

"ಆಕೆಯ ಹೆಸರೇನು?"

"ಅದು ಹೇಳುಕೆ ಬರುದಿಲ್ಲ. ಬೇರೆಯವ್ರ ಸಂಸಾರದ ಕೇಸು. ಮದುವೆ ಕೇಸು ನಡೆಯುದೇ ಬಾಗಿಲು ಹಾಕಿ. ಕಾಗದ ಕೊಡುದೂ ಕೇಸಿನಲ್ಲಿದ್ದವ್ರಿಗೆ ಮಾತ್ರ."

ನಿಯಮ ಸರಿಯಾಗಿತ್ತು. ಬೇರೆಯವರ ಸಂಸಾರದ ಕಡತವನ್ನು ಕೇಳಿದವರಿಗೆಲ್ಲ ಬಿಚ್ಚಿ ತೋರಿಸುವಂತಿದ್ದರೆ ನಾನೇ ಆಕ್ಷೇಪಿಸುತ್ತಿದ್ದೆ. ಆಕೆಗೆ ವಂದಿಸಿ ಹೊರಗೆ ಬಂದೆ.

ಮುರ್ಡೇಶ್ವರದ ತನಕ ಬಸ್ಸಿನಲ್ಲಿ ನಿಂತೇ ಹೋದೆ. ಅಪ್ಪನನ್ನು ನಾನು ಬಲ್ಲದ್ದು ಕಡಿಮೆ. ಗುಜರಾತಿನ ಬಂದರೊಂದರಲ್ಲಿ ಇದ್ದಾನೆ, ಅಲ್ಲಿ ಬೇರೆ ಸಂಸಾರ ಇದೆ ಎಂಬುದು ಗೊತ್ತಿತ್ತು. ಆಯಿಗಿಂತ ಮೊದಲೂ ಒಬ್ಬಳಿದ್ದಳು ಎಂದಾದರೆ ಅದೇನೂ ನನ್ನ ಜೀವನವನ್ನು ಬದಲಾಯಿಸುವ ಸಂಗತಿಯಲ್ಲ. ಆದರೆ ಆಯಿಯ ಕೇಸು ಆ ಕೋರ್ಟಿನಲ್ಲಿ ಇಲ್ಲ ಎಂದಾದರೆ ಅವಳಿಗೆ ವಿಚ್ಛೇದನವೇ ಆಗಿಲ್ಲದಿರಬಹುದು. ವಕೀಲರ ಜಗಲಿಯಲ್ಲಿ ಹಾಕಿದ ಸಹಿಯನ್ನೇ ಅವಳು ಡಿಕ್ರಿ ಎಂದುಕೊಂಡಿರಬಹುದು. ಹಾಗಿದ್ದರೆ ಮುಂದಿನ ವರ್ಷವೂ ಇಲ್ಲ.

ಹೋಟೆಲಿನ ಹಿಂಬಾಗಿಲ ಹತ್ತಿರ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ, ಆಯಿ ಈರುಳ್ಳಿ ಸುಲಿಯುತ್ತ ಕೂತಿದ್ದಳು. ನಾನು ಎದುರಿಗೆ ಖಾಲಿ ಕ್ರೇಟೊಂದನ್ನು ಮಗುಚಿ ಹಾಕಿ ಕೂತೆ.

"ಅಪ್ಪನ ಹೆಸರಲ್ಲಿ ಒಂದು ಕೇಸಿದೆ. ಅಜ್ಜನ ಹೆಸರೂ ಸರಿ ಇದೆ. ಹೆಂಡ್ತಿ ಬೇರೆ."

"ಬೇರೆ ಅಂದ್ರೆ?"

"ಬೇರೆ ಹೆಂಗಸು. ಹೆಸರು ಹೇಳುದಿಲ್ಲ ಅಂದ್ರು."

ಆಯಿ ಚೂರಿ ಕೆಳಗಿಟ್ಟಳು. ಕಣ್ಣಿನಲ್ಲಿ ಈರುಳ್ಳಿಯ ನೀರಿತ್ತು, ಭುಜಕ್ಕೆ ಒರೆಸಿಕೊಂಡಳು. ಆಮೇಲೆ ಒಂದು ಹೆಸರು ಹೇಳಿದಳು. "ಹಾಗೆ ಅಂತ ಇರ್ಬೇಕು."

"ಯಾರದು?"

"ನಾನೇ."

ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇಲ್ಲಿ ಅದನ್ನು ಬರೆಯುವುದಿಲ್ಲ. ಬರೆಯಬಹುದೇ ಎಂದು ಅವಳನ್ನು ಕೇಳಿಲ್ಲ.

ನಮ್ಮಲ್ಲಿ ಮದುವೆಯಾಗಿ ಬಂದವಳಿಗೆ ಗಂಡನ ಮನೆಯವರು ಹೊಸ ಹೆಸರು ಇಡುವ ಪದ್ಧತಿ ಇದೆ. ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡ ಅದರ ಮೇಲೆ ಉಂಗುರದಿಂದ ಆ ಹೆಸರನ್ನು ಬರೆಯುತ್ತಾನೆ. ಈಗಿನವರು ಅಂಕಪಟ್ಟಿ, ಪಾಸ್‌ಪೋರ್ಟುಗಳ ತೊಂದರೆ ಎಂದು ಹುಟ್ಟಿದ ಹೆಸರನ್ನೇ ಬರೆದು ಶಾಸ್ತ್ರ ಮುಗಿಸುತ್ತಾರೆ. ನಾನು ಅಂಥ ಮದುವೆಗಳಲ್ಲಿ ಊಟ ಮಾಡಿ ಬಂದಿದ್ದೇನೆ, ಆಯಿಗೂ ಇದು ಆಗಿರಬೇಕು ಎಂದು ಮಾತ್ರ ಹೊಳೆದಿರಲಿಲ್ಲ.

"ಅರ್ಜಿ ಬರೆಯುವಾಗ ಹೇಳ್ಬಹುದಿತ್ತಲ್ಲ."

"ನೀನು ಕೇಳಿದ್ದು ನನ್ನ ಹೆಸರು. ನನ್ನ ಹೆಸರು ಹೇಳಿದ್ದೆ." ಅವಳು ಮತ್ತೆ ಚೂರಿ ಎತ್ತಿಕೊಂಡಳು. "ಅಲ್ಲಿಂದ ಉಟ್ಟ ಸೀರೆಯಲ್ಲಿ ಬಂದವಳು. ಹೆಸರು ಹೊತ್ಕೊಂಡು ಬರ್ತೆನಾ? ಆ ಹೆಸರು ಹಿಡಿದು ಯಾರಾದ್ರೂ ಕರೆದ್ರಾ ಅಂದ್ರೆ ಅದೂ ಇಲ್ಲ. ಅತ್ತೆ ಸೂನ್ ಅಂತ ಕರೆಯುದು, ನಾದಿನಿ ವೈನಿ ಅಂತ ಕರೆಯುದು, ನಿನ್ನಪ್ಪ ಏ ಅಂತ ಕರೆಯುದು. ರೇಶನ್ ಕಾರ್ಡಲ್ಲಿ ಇತ್ತು. ಕೋರ್ಟಲ್ಲಿ ಇತ್ತು. ನಂಗೆ ಮರೆತೇ ಹೋಗಿತ್ತು ಮಾರಾಯ್ತಿ."

ಸೂನ್ ಎಂದರೆ ಸೊಸೆ, ವೈನಿ ಎಂದರೆ ಅತ್ತಿಗೆ. ಮರೆತದ್ದು ನಿಜವೋ ಅಲ್ಲವೋ ನಾನು ವಿಚಾರಿಸಲಿಲ್ಲ. ಕೇಸು ಇದೆ ಎಂದಾಯಿತು, ಅದು ಅವಳದ್ದೇ ಎಂದಾಯಿತು. ನನಗೆ ಅಷ್ಟು ಸಾಕಿತ್ತು.

ಸಾಕಾಗಲಿಲ್ಲ. ಹೊನ್ನಾವರಕ್ಕೆ ಈ ಸಲ ಆಯಿಯನ್ನೇ ಕರೆದುಕೊಂಡು ಹೋದೆ. ನಕಲು ವಿಭಾಗದ ಮಹಿಳೆ ನಡೆದದ್ದನ್ನೆಲ್ಲ ಕೇಳಿ ತಲೆಯಾಡಿಸಿದರು. ಅವರಿಗೂ ಈ ಪದ್ಧತಿ ಗೊತ್ತಿತ್ತು. ಆದರೂ ನಮ್ಮನ್ನು ಶಿರಸ್ತೇದಾರರ ಮೇಜಿಗೆ ಕಳಿಸಿದರು. ಆ ಕಚೇರಿಯ ಸಿಬ್ಬಂದಿಗೆಲ್ಲ ಹಿರಿಯರು ಅವರು. ಆಯಿಯ ಆಧಾರ್ ಕಾರ್ಡನ್ನೂ ಕಡತದ ಮೇಲಿನ ಹೆಸರನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ನಾನು ನಂಬ್ತೆ ಅಮ್ಮಾ. ಆದ್ರೆ ಕಾರ್ಡಿನ ಪ್ರಕಾರ ನೀವು ಈ ಕೇಸಿಗೆ ಹೊರಗಿನವ್ರು."

"ನನ್ನ ಕೇಸಿಗೆ ನಾನು ಹೊರಗಿನವಳಾ?"

"ಕಾರ್ಡಿನ ಪ್ರಕಾರ."

"ಮತ್ತೆ ಒಳಗಿನವ್ರು ಯಾರು?"

ಶಿರಸ್ತೇದಾರರು ಕಡತದ ಮೇಲೆ ಬೆರಳಿಟ್ಟರು. "ಈ ಹೆಸರಿನವ್ರು."

ಆಯಿ ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ, ಆ ಹೆಂಗಸನ್ನು ಎಲ್ಲಿಂದ ಕರೆದುಕೊಂಡು ಬರುವುದು ಎಂದಳು. ಶಿರಸ್ತೇದಾರರಿಗೆ ಕೊಂಕಣಿ ಅರ್ಥವಾಗುತ್ತಿತ್ತು. ಅವರ ಮುಖ ಸ್ವಲ್ಪ ಸಡಿಲವಾಯಿತು. ಎರಡೂ ಹೆಸರಿನವಳು ತಾನೇ ಎಂದು ಆಯಿಯದ್ದೊಂದು ಅಫಿಡವಿಟ್ ಬೇಕು, ಆ ಹೆಸರಿನಲ್ಲಿ ಅವಳನ್ನು ಬಲ್ಲವರು ಇನ್ನೊಬ್ಬರು ಹಾಗೆಯೇ ನೋಟರಿಯ ಮುಂದೆ ಸಹಿ ಹಾಕಬೇಕು, ಗಂಡನ ಮನೆ ಕಡೆಯವರಾದರೆ ಒಳ್ಳೆಯದು ಎಂದರು.

ಆಯಿಯ ಕಡೆ ಉಳಿದಿರುವುದು ಒಬ್ಬ ಅಣ್ಣ. ಈ ಮದುವೆಯ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನು ನಮ್ಮ ಮನೆಯತ್ತ ತಲೆ ಹಾಕಿರಲಿಲ್ಲ. ಅಪ್ಪನನ್ನು ಕೇಳುವ ಪ್ರಶ್ನೆ ಇರಲಿಲ್ಲ. ಉಳಿದದ್ದು ಅಪ್ಪನ ತಂಗಿ, ನನ್ನ ಅತ್ತೆ. ಕುಮಟಾದಲ್ಲಿ ಮೀನು ಮಾರ್ಕೆಟ್ಟಿನ ಹತ್ತಿರ ಅವಳದ್ದೊಂದು ಹೊಲಿಗೆ ಅಂಗಡಿ ಇತ್ತು. ಆಯಿ ಬರುವುದಿಲ್ಲ ಎಂದಳು. "ನಂಗೆ ಅವಳ ಹತ್ರ ಜಗಳ ಇಲ್ಲ. ಆದ್ರೆ ಆ ಮೆಟ್ಟಿಲು ಹತ್ತುದು ನನ್ನಿಂದ ಆಗುದಿಲ್ಲ."

ಒಬ್ಬಳೇ ಹೋದೆ. ಅತ್ತೆ ಮೆಷಿನ್ ತುಳಿಯುತ್ತಿದ್ದಳು. ನಾನು ಯಾರೆಂದು ಹೇಳುವ ಮೊದಲೇ ಕಾಲು ನಿಲ್ಲಿಸಿದಳು.

"ಅಣ್ಣನ ಮೂಗು," ಎಂದಳು. "ಕೂರು. ಆ ಸ್ಟೂಲು ಬೇಡ, ಅದ್ರ ಕಾಲು ಸರಿ ಇಲ್ಲ."

ಬಂದ ಕಾರಣವನ್ನು ಹೇಳಿದೆ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದು ಎಸೆದಳು.

"ಇಷ್ಟು ವರ್ಷ ಅತ್ತೆ ಇದ್ದಾಳಾ ಸತ್ತಾಳಾ ಅಂತ ಕೇಳುಕೆ ಬರ್ಲಿಲ್ಲ. ಇಂದು ಸಹಿ ಬೇಕು, ಬಂದೆ. ಹೌದಾ ಅಲ್ದಾ?"

"ಹೌದು."

ಅವಳು ನಕ್ಕಳು. "ಅಪ್ಪನ ಹಾಗೆ ಸುಳ್ಳು ಹೇಳುಕೆ ಬರುದಿಲ್ಲ ಅಂತಾತು. ನಾನು ಸಹಿ ಹಾಕಿದ್ದು ಅಣ್ಣಂಗೆ ಗೊತ್ತಾದ್ರೆ ಫೋನಿನಲ್ಲೇ ನನ್ನ ಸುಡ್ತಾನೆ. ಬಡ್ಕೊಳ್ಳಲಿ. ಆದ್ರೆ ಕೇಳುದಾದ್ರೆ ನಿನ್ನ ಆಯಿ ಬಂದು ಕೇಳ್ಲಿ. ಮದುವೆ ಅವಳದ್ದು, ನಿಂದಲ್ಲ."

ಇದನ್ನು ನಾನು ಮನೆಯಲ್ಲಿ ಯಥಾವತ್ತಾಗಿ ಹೇಳಿದೆ. ಆ ವಾರ ಮಳೆಗಾಲದ ರೈಲು ವೇಳಾಪಟ್ಟಿ ಬಂತು. ಬೆಳಕೆಯವರು ಒಂದು ಸಂಜೆ ನಮ್ಮ ಮನೆಗೆ ಬಂದು, ತಾನು ಹೊರಡುವ ದಿನ ನಿಶ್ಚಯವಾಗಿದೆ ಎಂದರು. ಅವಸರ ಮಾಡಬೇಡಿ ಎಂದೂ ಹೇಳಿದರು. ಮನೆಯಲ್ಲಿ ಕೂತು ಮಾತಾಡುವುದು ಅವರಿಗೆ ಅಭ್ಯಾಸವಿಲ್ಲ, ಬಾಗಿಲಲ್ಲಿ ನಿಂತೇ ಹೇಳಿ, ತಂದಿದ್ದ ಹಲಸಿನ ಹಪ್ಪಳದ ಕಟ್ಟನ್ನು ನನ್ನ ಕೈಗೆ ಕೊಟ್ಟು ಹೋದರು. ಅವರು ಹೋದ ಮೇಲೆ ಆಯಿ ಕೇಳಿದಳು, "ಕುಮಟಾಕ್ಕೆ ಬೆಳಗಿನ ಬಸ್ಸು ಇನ್ನೂ ಇದೆಯಾ?"

ಅಂಗಡಿಗೆ ನಾಲ್ಕೈದು ಮೆಟ್ಟಿಲು. ಆಯಿ ಹತ್ತಿದಳು. ಅತ್ತೆ ಎದ್ದು ನಿಂತು, ಆಮೇಲೆ ಎದ್ದದ್ದಕ್ಕೆ ಏನಾದರೂ ಕಾರಣ ಬೇಕೆಂಬಂತೆ ಫ್ಯಾನಿನ ಸ್ವಿಚ್ ಹಾಕಿದಳು.

"ವೈನಿ, ಸೊರಗಿದ್ದೀರಿ."

"ನೀನು ದಪ್ಪ ಆಗಿದ್ದೀ."

"ಕೂತು ಮಾಡುವ ಕೆಲಸ ಅಲ್ದಾ." ಅತ್ತೆ ಆಯಿಯ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. "ಹುಡುಗ ಹೆಂಗಿದ್ದಾನೆ?"

"ಹುಡುಗ ಅಂತೆ. ಮಂಡಿ ನೋವು ಇದೆ ಅವನಿಗೆ."

"ಕುಡಿತಾನಾ?"

"ಚಹಾ."

ಇಬ್ಬರೂ ನಕ್ಕರು. ನಾನು ಬಾಗಿಲ ಹತ್ತಿರ, ಅವಳು ಬೇಡವೆಂದಿದ್ದ ಸ್ಟೂಲಿನ ಪಕ್ಕ, ನಿಂತಿದ್ದೆ. ಹಳೆಯ ವಿಷಯ ಯಾವುದೂ ಬರಲಿಲ್ಲ. ನನ್ನ ಅಪ್ಪನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಆಯಿ ಕೊನೆಗೆ, "ಒಂದು ಸಹಿ ಆಗ್ಬೇಕಿತ್ತು," ಎಂದಳು.

"ಹಾಕ್ತೆ. ಮದುವೆಗೆ ಬ್ಲೌಸ್ ಹೊಲಿಸಿದ್ರಾ?"

"ಗುಡಿಯಲ್ಲಿ ಹಾರ ಹಾಕಿ ಆಫೀಸಲ್ಲಿ ಸಹಿ ಮಾಡುವ ಮದುವೆಗೆ ಎಂತ ಬ್ಲೌಸು?"

"ಅದೆಲ್ಲ ನಂಗೆ ಗೊತ್ತಿಲ್ಲ. ಬ್ಲೌಸ್ ನಾನೇ ಹೊಲಿಯುದು. ಒಪ್ಪಿಗೆ ಆದ್ರೆ ಸಹಿ." ಎನ್ನುತ್ತ ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದಳು. "ಕೈ ಎತ್ತಿ."

ಆಯಿ ಕೈ ಎತ್ತಿದಳು.

ಎರಡು ದಿನ ಬಿಟ್ಟು ಅತ್ತೆ ಅಂಗಡಿಗೆ ಬೀಗ ಹಾಕಿ ಹೊನ್ನಾವರಕ್ಕೆ ಬಂದಳು. ನೋಟರಿ ಕೂರುವುದು ಕೋರ್ಟಿನ ಎದುರಿನ ತಗಡಿನ ಮಾಡಿನ ಕೆಳಗೆ. ನಾನು ಕರಡು ಬರೆದುಕೊಂಡು ಹೋಗಿದ್ದೆ, ಅವರು ಅದರಲ್ಲಿ ಎರಡು ಪದ ತಿದ್ದಿದರು. ಅದು ಟೈಪ್ ಆಗಿ ಬಂದ ಮೇಲೆ ಅತ್ತೆಯನ್ನು ಕೇಳಿದರು, "ಇವ್ರಿಗೆ ಈ ಹೆಸರು ಇತ್ತು ಅಂತ ನಿಮ್ಗೆ ಹೆಂಗೆ ಗೊತ್ತು?"

"ಇಟ್ಟವಳೇ ನಾನು."

"ಗಂಡ ಅಲ್ವಾ ಇಡುದು?"

"ಅವ ಬರೆದದ್ದು. ಹೆಸರು ನಂದು. ಆಗ ಒಂದು ಪಿಚ್ಚರ್ ಬಂದಿತ್ತು, ಅದ್ರ ಹೀರೋಯಿನ್ ಹೆಸರು. ನಂಗೆ ಭಾರಿ ಇಷ್ಟ ಇತ್ತು. ನನ್ನ ಮದುವೆಲಿ ನಮ್ಮತ್ತೆ ಯಾವ್ದೋ ದೇವರ ಹೆಸರು ಇಟ್ಟುಬಿಡ್ತಾಳೆ ಅಂತ ಗೊತ್ತಿತ್ತು. ಅದಕ್ಕೆ ವೈನಿಗೆ ಇಟ್ಟೆ."

ಆಯಿ ಅವಳನ್ನೇ ನೋಡಿದಳು. "ಪಿಚ್ಚರಿಂದಾ? ನಾನು ನಿಮ್ಮಜ್ಜಿ ಹೆಸರು ಅಂದ್ಕೊಂಡಿದ್ದೆ."

"ನಮ್ಮಜ್ಜಿಗೆ ಅಷ್ಟು ಚಂದದ ಹೆಸರು ಎಲ್ಲಿಂದ ಬರ್ಬೇಕು?"

"ನೀನು ಆಗ್ಲೇ ಹೇಳಿದ್ರೆ ಪಿಚ್ಚರಾದ್ರೂ ನೋಡ್ತಿದ್ದೆ."

ನೋಟರಿ ಪೆನ್ನು ಹಿಡಿದು ಕಾಯುತ್ತಿದ್ದರು. "ಇದನ್ನೆಲ್ಲ ಬರೆಯುದು ಬೇಡ ಅಲ್ಲ?" ಎಂದು ನನ್ನನ್ನು ಕೇಳಿದರು. ಬೇಡ ಎಂದೆ.

ಶಿರಸ್ತೇದಾರರು ಎರಡೂ ಅಫಿಡವಿಟ್‌ಗಳನ್ನು ಓದಿ, ಅರ್ಜಿಯ ಮೂಲೆಯಲ್ಲಿ ಷರಾ ಬರೆದು ಒಳಗೆ ಕಳಿಸಿದರು. ಆಯಿಯ ಕೆಲಸ ಬಿಡಿಸುವುದು ಬೇಡವೆಂದು ಕೆಲವು ದಿನಗಳ ನಂತರ ಅವಳ ಒಪ್ಪಿಗೆ ಪತ್ರ ಹಿಡಿದು ನಾನೇ ನಕಲನ್ನು ತಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಓದಿದೆ. ಹೆಚ್ಚು ಹಾಳೆಗಳಿರಲಿಲ್ಲ. ಇ‌ಬ್ಬರೂ ಒಪ್ಪಿ ಕೇಳಿಕೊಂಡಿದ್ದಾರೆ, ಒಟ್ಟಿಗೆ ಬಾಳುವ ಸಾಧ್ಯತೆ ಇಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಿದೆ, ಆದ್ದರಿಂದ ವಿವಾಹವನ್ನು ವಿಸರ್ಜಿಸಲಾಗಿದೆ. ಅಪ್ರಾಪ್ತ ವಯಸ್ಸಿನ ಮಗಳು ತಾಯಿಯ ಬಳಿ ಇರತಕ್ಕದ್ದು. ಯಾಕೆ ಬಿಟ್ಟರು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಅಂಥ ಕಾಗದದಲ್ಲಿ ಇರುವುದೂ ಇಲ್ಲ. ಮಗಳು ಎಂದಿದ್ದ ಕಡೆ ಹೆಸರಿರಲಿಲ್ಲ, ಇನ್ನೊಮ್ಮೆ ಓದಿ ಅದನ್ನು ಖಚಿತ ಮಾಡಿಕೊಂಡೆ. ಸೀಲು ಸ್ಪಷ್ಟವಾಗಿತ್ತು.

ಅವರ ಮದುವೆ ಒಂದು ಬೆಳಿಗ್ಗೆ ಬೆಳಕೆಯ ಚಿಕ್ಕ ಗುಡಿಯೊಂದರಲ್ಲಿ ಮುಗಿಯಿತು. ಹತ್ತಾರು ಜನ, ಪಾಯಸ, ಉಪ್ಪಿಟ್ಟು. ಹರಿವಾಣ ಅಕ್ಕಿ ಯಾವುದೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಅಲ್ಲಿಂದ ನೇರವಾಗಿ ಭಟ್ಕಳದ ಕಚೇರಿಗೆ ಹೋದೆವು. ಮೂವರು ಸಾಕ್ಷಿಗಳು ಬೇಕಿತ್ತು. ನಾನು ಒಬ್ಬಳು, ಬೆಳಕೆಯವರ ಅಣ್ಣ ಒಬ್ಬರು. ಮೂರನೆಯವರು ಅವರ ಜೊತೆ ಕೆಲಸ ಮಾಡುವ ಒಬ್ಬರು. ಅವರಿಗೆ ಅಂದು ಬೆಳಿಗ್ಗೆಯೇ ಹಳಿಯ ಕೆಲಸಕ್ಕೆ ಕರೆ ಬಂದಿತ್ತು, ಬರಲಾಗುವುದಿಲ್ಲ ಎಂದು ಫೋನ್ ಮಾಡಿದರು. ಅಣ್ಣ, "ಇವತ್ತು ಆಗುದಿಲ್ಲ ಅಂತ ಕಾಣ್ತದೆ. ಇನ್ನೊಂದು ದಿನ ಮಾಡುವಾ" ಎಂದರು. ಮರುದಿನ ಭಾನುವಾರ, ಅದರ ಮರುದಿನ ರೈಲು.

ಆಯಿ ನನ್ನ ಹೆಗಲಿನಾಚೆ ನೋಡಿದಳು. ಅತ್ತೆ ಬೆಂಚಿನ ಮೇಲೆ ಕೂತಿದ್ದಳು. ಬ್ಲೌಸನ್ನು ತಾನೇ ತಂದು ತೊಡಿಸಿ ನೋಡಬೇಕು, ತೋಳು ಎಳೆದರೆ ಅಲ್ಲೇ ಸರಿ ಮಾಡಬೇಕು ಎಂದು ಸೂಜಿ ದಾರದ ಸಮೇತ ಕುಮಟಾದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವಳು, ಊಟ ಮಾಡಿಕೊಂಡು ಹೋಗುತ್ತೇನೆ ಎಂದು ಜೊತೆಗೇ ಉಳಿದಿದ್ದಳು.

"ಆಧಾರ್ ತಂದಿದ್ಯನೇ?" ಎಂದಳು ಆಯಿ.

"ಪರ್ಸಲ್ಲಿ ಇರ್ತದೆ ಯಾವಾಗ್ಲೂ. ಎಂತಕೆ?"

ಗುಮಾಸ್ತರು ಅವರೇ. ಡಿಕ್ರಿಯ ನಕಲನ್ನು ನೋಡಿದರು, ಅಫಿಡವಿಟ್‌ಗಳ ಪ್ರತಿಯನ್ನು ನೋಡಿದರು, ಸಾಕ್ಷಿಗಳ ವಿವರ ತುಂಬತೊಡಗಿದರು. ನಾನು ಮಗಳು. ವರನ ಅಣ್ಣ ಅಣ್ಣ. ಅತ್ತೆಯ ಸರದಿ ಬಂತು.

"ನೀವು ಇವ್ರಿಗೆ ಎಂತ ಆಗ್ಬೇಕು?"

"ನಾದಿನಿ."

"ವರನ ತಂಗಿ," ಎನ್ನುತ್ತ ಅವರು ಬರೆಯತೊಡಗಿದರು.

"ಅಲ್ಲ ಅಲ್ಲ. ಇವನ ತಂಗಿ ಅಲ್ಲ. ಮೊದ್ಲಿನವನ ತಂಗಿ."

ಗುಮಾಸ್ತರ ಪೆನ್ನು ನಿಂತಿತು. ಅವರು ಆಯಿಯನ್ನು ನೋಡಿದರು, ಬೆಳಕೆಯವರನ್ನು ನೋಡಿದರು, ಮೇಜಿನ ಮೇಲಿದ್ದ ಡಿಕ್ರಿಯನ್ನು ನೋಡಿದರು. ಹಿಂದಿನ ಸಲ ನಗದವರು ಈಗ ಬಾಯಿಗೆ ಕೈ ಅಡ್ಡ ಹಿಡಿದರು.

"ಬಿಡುಗಡೆ ಆದ ಮೇಲೂ ನಾದಿನಿಯಾ?"

"ಕೋರ್ಟು ಬಿಡಿಸಿದ್ದು ಅಣ್ಣನಿಂದ," ಎಂದಳು ಅತ್ತೆ. "ನನ್ನಿಂದ ಬಿಡಿಸಿ ಅಂತ ಯಾರು ಅರ್ಜಿ ಕೊಟ್ಟಿದ್ರು?"

ವರನ ಅಣ್ಣ ನಗಲಾರಂಭಿಸಿದರು. ಬೆಳಕೆಯವರು ನೆಲ ನೋಡಿಕೊಂಡು ನಿಂತಿದ್ದರು, ಅವರ ಹೆಗಲು ಅಲುಗುತ್ತಿತ್ತು. ಗುಮಾಸ್ತರು ಸ್ವಲ್ಪ ಯೋಚಿಸಿ ಆ ಅಂಕಣದಲ್ಲಿ 'ಪರಿಚಿತರು' ಎಂದು ಬರೆದರು. ಅತ್ತೆಗೆ ಅದು ಸಮಾಧಾನವಾಗಲಿಲ್ಲ, ಆದರೂ ಸಹಿ ಹಾಕಿದಳು. ಆಯಿಯೂ ಹಾಕಿದಳು.

ಸೋಮವಾರ ರೈಲು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಆಯಿ ಪೆಟ್ಟಿಗೆ ತುಂಬುವಾಗ ನಾನು ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಕೊಟ್ಟೆ. ಅವಳು ಮದುವೆಯ ಪ್ರಮಾಣಪತ್ರವನ್ನು ಹೊರಗೆಳೆದು ಕೈಚೀಲದಲ್ಲಿ ಇಟ್ಟುಕೊಂಡು, ಫೈಲನ್ನು ನನಗೆ ವಾಪಸು ಕೊಟ್ಟಳು.

"ಡಿಕ್ರಿಯೂ ಇರಲಿ," ಎಂದೆ. "ಬೇಕಾಗಬಹುದು."

"ನಂಗೆ ಇನ್ನೆಂತಕೆ ಬೇಕು?" ಎಂದಳು. "ಬೇಕಾದ್ರೆ ನೀನು ಇಟ್ಕೋ. ಕಳೆದುಹೋದ್ರೂ ಎಲ್ಲಿ, ಯಾರ ಹೆಸರಲ್ಲಿ ಸಿಗ್ತದೆ ಅಂತ ಗೊತ್ತಾತಲ್ಲ ನಿಂಗೆ."